ಗಣಪತಿ ಬರುವಾಗ ಫೋನ್ ಎತ್ತಬಾರದು

ಮಧ್ಯಾಹ್ನದ ಊಟದ ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ನಮ್ಮ ಮನೆಯ ಫೋನು ಹೊಡೆದುಕೊಳ್ಳುತ್ತಿತ್ತು. ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗಿನ ಕೋಣೆಗೆ ಬಂದು, ಫೋನಿಟ್ಟ ಸ್ಟೂಲಿನ ಪಕ್ಕ ನೆಲದ ಮೇಲೆ ಕಾಲು ಚಾಚಿ ಕುಳಿತು, ಕಸೂತಿಯ ಬಟ್ಟೆ ಸರಿಸಿ ರಿಸೀವರ್ ಎತ್ತಿದರೆ ಆ ಕಡೆಯಿಂದ ಬರುವ ಮೊದಲ ಮಾತು ಯಾವತ್ತೂ ಒಂದೇ: "ಎಂತ ಪದಾರ್ಥ ಮಾಡಿದ್ಯೇ ಇವತ್ತು?"

ಅದು ದೊಡ್ಡತ್ತೆ. ನನ್ನ ಅತ್ತೆಯ ಒಡಹುಟ್ಟಿದ ಅಕ್ಕ. ಬ್ಯಾಕೋಡಿನಲ್ಲಿದ್ದರು. ನಾವು ಕಾರ್ಗಲ್ಲಿನಲ್ಲಿ. ಕಾಗೆ ಹಾರಿದರೆ ದೂರವೇನಲ್ಲ, ಆದರೆ ನಡುವೆ ಆಣೆಕಟ್ಟಿನ ಹಿನ್ನೀರು ಮಲಗಿದೆ. ಹೋಗಬೇಕೆಂದರೆ ಸಾಗರಕ್ಕೆ ಹೋಗಿ, ಅಲ್ಲಿಂದ ಹೊಳೆಬಾಗಿಲಿಗೆ ಹೋಗಿ, ಲಾಂಚಿಗೆ ಕಾದು, ನೀರು ದಾಟಿ ಮತ್ತೆ ಬಸ್ಸು. ಈಗೇನೋ ಸೇತುವೆ ಆಗಿದೆ. ಆಗ ಸಂಜೆ ಲಾಂಚ್ ತಪ್ಪಿದರೆ ನೆಂಟರ ಮನೆಯಲ್ಲೇ ಬೆಳಗಾಗಬೇಕಿತ್ತು.

ಅಕ್ಕತಂಗಿಯರ ತವರೂರು ಆ ನೀರಿನಡಿಯಲ್ಲೇ ಎಲ್ಲೋ ಇದೆ. ಆಣೆಕಟ್ಟು ಕಟ್ಟುವಾಗ ಅತ್ತೆಗೆ ಇನ್ನೂ ಲಂಗದ ವಯಸ್ಸು. ಊರು ಮುಳುಗಿ ಮನೆಯವರು ದಿಕ್ಕಿಗೊಬ್ಬರಾದ ಮೇಲೆ ಅಕ್ಕನಿಗೆ ನೀರಿನ ಆ ದಡದಲ್ಲಿ ಗಂಡು ಸಿಕ್ಕಿತು, ತಂಗಿಗೆ ಈ ದಡದಲ್ಲಿ. ಗೌರಿಹಬ್ಬಕ್ಕೆ ಹೋಗೋಣವೆಂದರೆ ತವರಿಲ್ಲ. ಆದ್ದರಿಂದ ಮನೆಗೆ ಫೋನು ಬಂದಾಗಿನಿಂದ ಫೋನೇ ಅವರ ತವರಾಗಿತ್ತು. ಇಬ್ಬರೂ ದಿನಾ ಅಲ್ಲಿಗೆ ಹೋಗಿ ಬರುತ್ತಿದ್ದರು. "ಆ ಕೆರೆದಂಡೆ ಮೇಲಿನ ನೇರಳೆ ಮರ ನೆನಪಿದ್ಯನೇ?" ಎಂದು ಶುರುವಾದರೆ ಮುಳುಗಿದ ಊರಿನ ಕೇರಿ ಕೇರಿಯನ್ನೂ ತಿರುಗಿ ಬಂದ ಮೇಲೆಯೇ ಮಾತು ಇಂದಿನ ಹಾಲಿನ ಲೆಕ್ಕಕ್ಕೆ ಇಳಿಯುತ್ತಿತ್ತು.

ನಾನು ತೀರ್ಥಹಳ್ಳಿ ಕಡೆಯವಳು. ಸೊಸೆಯಾಗಿ ಬಂದ ಹೊಸದರಲ್ಲಿ ಅಕ್ಕಿ ಆರಿಸುವ ನೆಪದಲ್ಲಿ ಅಲ್ಲೇ ಕುಳಿತು ಕೇಳುತ್ತಿದ್ದೆ. ನನಗೆ ನಾಲ್ಕು ಮಾತು ಬರುತ್ತದೆಂದರೆ ಅದು ಆ ಫೋನಿನ ಕೃಪೆ. ದೊಡ್ಡತ್ತೆಯ ಮಾತು ಕೇಳಲು ರಿಸೀವರ್ ಕಿವಿಗೆ ಹಿಡಿಯುವ ಅಗತ್ಯವೇ ಇರಲಿಲ್ಲ. ಮಾತು ನೀರು ದಾಟಬೇಕಲ್ಲ ಎಂದು ಅವರು ಕೂಗಿಯೇ ಮಾತಾಡುತ್ತಿದ್ದರು; ಅಡಿಗೆಮನೆಯವರೆಗೂ ಕೇಳುತ್ತಿತ್ತು. ಜಿಪುಣನೊಬ್ಬನ ಸುದ್ದಿ ಬಂದರೆ, "ಅವ್ನ ಮನೆ ಮಜ್ಜಿಗೇಲಿ ಮುಖ ನೋಡ್ಕೊಂಡು ಬೈತಲೆ ತೆಗೀಬಹುದು ಕಣೆ" ಎನ್ನುತ್ತಿದ್ದರು. ವಾಚಾಳಿ ಹೆಂಗಸೊಬ್ಬಳ ಮಾತು ಬಂದರೆ, "ಆಣೆಕಟ್ಟಿಗಾದ್ರೂ ಗೇಟಿದೆ, ಅವ್ಳ ಬಾಯಿಗಿಲ್ಲ."

ಹೀಗಿದ್ದ ಮನೆಗೆ ನಾನು ಕಂಪ್ಯೂಟರ್ ತಂದೆ.

ಮದುವೆಗೆ ಮೊದಲು ತೀರ್ಥಹಳ್ಳಿಯಲ್ಲಿ ಡಿಟಿಪಿ ಕಲಿತಿದ್ದೆ. ಹೊಸನಗರದ ಪ್ರೆಸ್ಸಿನವರೊಬ್ಬರು ಕೆಲಸ ಕೊಡುತ್ತೇನೆಂದರು. ಮದುವೆ ಕಾಗದ, ಗೃಹಪ್ರವೇಶದ ಕಾಗದಗಳನ್ನು ನಾನು ಮನೆಯಲ್ಲಿ ಕೂತು ಜೋಡಿಸಿ ಇಮೇಲ್ ಮಾಡುವುದು, ಅವರು ಅಲ್ಲಿ ಅಚ್ಚು ಹಾಕುವುದು. ಇಮೇಲ್ ಹೋಗಬೇಕಾದರೆ ಅದೇ ಫೋನಿನ ತಂತಿಯಲ್ಲಿ ಇಂಟರ್ನೆಟ್ಟಿಗೆ ಡಯಲ್ ಮಾಡಬೇಕು. ಕಂಪ್ಯೂಟರಿಗೂ ಫೋನಿಗೂ ನಡುವಿನ ಮೋಡೆಮ್ಮು ಮೊದಲು ಟಿಕಟಿಕ ನಂಬರು ಒತ್ತಿ, ಆಮೇಲೆ ನೆಗಡಿಯಾದ ಕೊಕ್ಕರೆಯಂತೆ ಕೀರಿ, ಕೊನೆಗೆ ತಗಡಿನ ಮಾಡಿನ ಮೇಲೆ ಯಾರೋ ಜಲ್ಲಿ ಸುರಿದಂತೆ ಸದ್ದು ಮಾಡಿ ಸುಮ್ಮನಾದರೆ ಸಂಪರ್ಕ ಸಿಕ್ಕಿತು ಎಂದು ಅರ್ಥ. ನೆರೆಮನೆಯ ನಾಯಿಗೂ ಆ ಸದ್ದಿನ ಅರ್ಥ ತಿಳಿದಿತ್ತು. ಕೊಕ್ಕರೆ ಕೀರುವಾಗ ಅದೂ ಒಮ್ಮೆ ಊಳಿಟ್ಟು ಮಲಗುತ್ತಿತ್ತು.

ಬೆಳಗ್ಗೆ ಈ ಕೆಲಸ ಮಾಡೋಣವೆಂದರೆ ಕರೆಂಟಿಲ್ಲ. ರಾಜ್ಯಕ್ಕೆಲ್ಲ ಕರೆಂಟು ಕಳಿಸುವ ಊರು ನಮ್ಮದು, ಬಡಿಸುವವಳಿಗೆ ಅನ್ನ ಉಳಿಯದಂತೆ ನಮಗೇ ಇರುವುದಿಲ್ಲ. ಮಧ್ಯಾಹ್ನ ಪಾತ್ರೆ ತೊಳೆಯುವ ಹೊತ್ತಿಗೆ ಬರುತ್ತಿತ್ತು. ಅಂದರೆ ಸರಿಯಾಗಿ ದೊಡ್ಡತ್ತೆಯ ಹೊತ್ತಿಗೆ. ಮೊದಮೊದಲು ನಾನೇ ಹೊಂದಿಸಿಕೊಳ್ಳುತ್ತಿದ್ದೆ: ಅವರ ಮಾತು ಮುಗಿದ ಮೇಲೆ ನನ್ನ ಕೊಕ್ಕರೆ. ಆಮೇಲೆ ಮದುವೆಯ ಕಾಲ ಶುರುವಾಯಿತು.

ಒಂದು ಮದುವೆಯ ಮನೆಯವರು, ಬಲಮುರಿ ಗಣಪತಿಯೇ ಆಗಬೇಕು, ಎಡಕ್ಕೆ ಸೊಂಡಿಲಿದ್ದರೆ ಕಾಗದ ಮುಟ್ಟುವುದಿಲ್ಲ ಎಂದು ಕೂತರು. ಅಂಥ ಚಿತ್ರವೊಂದನ್ನು ಹುಡುಕಿ ಇಳಿಸಲು ಹಾಕಿದೆ. ಆ ಕಾಲದ ಇಂಟರ್ನೆಟ್ಟಿನಲ್ಲಿ ಚಿತ್ರ ಒಮ್ಮೆಲೇ ಬರುತ್ತಿರಲಿಲ್ಲ. ತಲೆಯಿಂದ ಶುರುವಾಗಿ ಗೆರೆ ಗೆರೆಯಾಗಿ ಕೆಳಕ್ಕೆ ಇಳಿಯುತ್ತಿತ್ತು. ಕಿರೀಟ ಬಂತು. ಹಣೆ ಬಂತು. ಕಣ್ಣು ಬಂತು. ಒಳಕೋಣೆಯಲ್ಲಿ ನಾನು ಉಸಿರು ಬಿಗಿಹಿಡಿದು ಸೊಂಡಿಲು ಯಾವ ಕಡೆ ತಿರುಗುತ್ತದೆಂದು ಕಾಯುತ್ತಿದ್ದೆ. ಬಲಕ್ಕೇ ತಿರುಗಿತು. ಅಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ಅತ್ತೆ, ಇವತ್ತು ತಾನೇ ಅಕ್ಕನಿಗೆ ಮಾಡೋಣವೆಂದು ರಿಸೀವರ್ ಎತ್ತಿದರು.

ಅವರ ಕಿವಿಯೊಳಗೆ ಜಲ್ಲಿ ಸುರಿಯಿತು. ನನ್ನ ಗಣಪತಿ ಎದೆಯ ಹತ್ತಿರ ನಿಂತ.

"ಎಂತ ಅದು, ಫೋನೊಳಗೆ ಏನೋ ಸತ್ತ ಹಾಗೆ ಕೂಗ್ತು!" ಎಂದು ಅತ್ತೆ ಕಿವಿ ಉಜ್ಜಿಕೊಳ್ಳುತ್ತ ಓಡಿ ಬಂದರು.

"ಕಟ್ಟಾಯ್ತು ಅತ್ತೆ."

"ಎಂತ ಕಟ್ಟಾಯ್ತು?"

ನಾನು ಪರದೆ ತೋರಿಸಿದೆ. ಕಿರೀಟ, ಕಿವಿ, ಸೊಂಡಿಲು ಎಲ್ಲ ಇದ್ದ ಗಣಪತಿಗೆ ಹೊಟ್ಟೆಯಿರಲಿಲ್ಲ. ಹೊಟ್ಟೆ ಇರಬೇಕಾದ ಕಡೆ ಬೂದು ಬಣ್ಣದ ಖಾಲಿ. ಅತ್ತೆ ಎರಡೂ ಕೆನ್ನೆ ಬಡಿದುಕೊಂಡರು.

"ಅಯ್ಯೋ ದೇವ್ರೆ! ನನ್ ಕೈಯಲ್ಲೇ ಆಗ್ಬೇಕಿತ್ತಾ ಇದು? ಗಣಪತಿಗೆ ಹೊಟ್ಟೆನೇ ಇಲ್ದಂಗೆ ಮಾಡ್ದೆನಲ್ಲ! ಕೂಡ್ಸೆ, ಬೇಗ ಕೂಡ್ಸು."

ಮತ್ತೆ ಮೊದಲಿನಿಂದಲೇ ಇಳಿಸಬೇಕು, ಏನೂ ಆಗುವುದಿಲ್ಲ ಎಂದು ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. ದೀಪ ಹಚ್ಚಿ ತಪ್ಪುಕಾಣಿಕೆ ತೆಗೆದಿಟ್ಟರು. ಅದೇ ದಿನ ಸಂಜೆ ಹಾಲು ಉಕ್ಕಿತು, ಬೆಕ್ಕು ಮೀನಿನ ತುಂಡು ಹೊತ್ತೊಯ್ದಿತು. ಹಾಲು ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಉಕ್ಕುತ್ತಲೇ ಇತ್ತು, ಬೆಕ್ಕಂತೂ ಹುಟ್ಟು ಕಳ್ಳ. ಆದರೆ ಆ ದಿನದ್ದಕ್ಕೆಲ್ಲ ಕಾರಣ ಹೊಟ್ಟೆಯಿಲ್ಲದ ಗಣಪತಿ. ಅಂದಿನಿಂದ ಮನೆಯಲ್ಲಿ ಒಂದು ಕಟ್ಟಳೆಯಾಯಿತು: ಗಣಪತಿ ಬರುವಾಗ ಫೋನ್ ಎತ್ತಬಾರದು.

ತೊಂದರೆ ಏನೆಂದರೆ ಅತ್ತೆಯ ಪಾಲಿಗೆ ಇಂಟರ್ನೆಟ್ಟಿನಲ್ಲಿ ಬರುವುದೆಲ್ಲ ಗಣಪತಿಯೇ. ನಾನು ಗೃಹಪ್ರವೇಶದ ಕಾಗದ ಕಳಿಸುತ್ತಿರಲಿ, ಪ್ರೆಸ್ಸಿನವರ ತಗಾದೆ ಓದುತ್ತಿರಲಿ, ಕೊಕ್ಕರೆ ಕೀರಿದ್ದು ಕೇಳಿದರೆ ಸಾಕು, ಅವರು ಫೋನಿನಿಂದ ದೂರ ಸರಿದು ಹಿತ್ತಲಿಗೆ ಹೋಗುತ್ತಿದ್ದರು. ಆಗಾಗ ಬಾಗಿಲಲ್ಲಿ ಇಣುಕಿ ಪಿಸುದನಿಯಲ್ಲಿ ಕೇಳುವುದು: "ಬಂದ್ನಾ?"

"ಇನ್ನೂ ಇಲ್ಲ ಅತ್ತೆ."

"ಬರ್ಲಿ, ಬರ್ಲಿ. ನಿಧಾನ ಬರ್ಲಿ."

ನನಗೋ ಕಾಗದದ ಮೇಲೆ ಕಾಗದ. ಒಮ್ಮೆ ಸಂಪರ್ಕ ಸಿಕ್ಕಿದರೆ ಬಿಡಲು ಮನಸ್ಸಿಲ್ಲ. ಹೀಗೆ ದಿನ ಕಳೆದವು. ಮಧ್ಯಾಹ್ನದ ಫೋನು ಹೊಡೆದುಕೊಳ್ಳುವುದು ನಿಂತೇ ಹೋಗಿದೆ ಎನ್ನುವುದು ನನ್ನ ತಲೆಗೆ ಹೋಗಲಿಲ್ಲ. ಅತ್ತೆಯ ತಲೆಗೆ ಹೋಗಿತ್ತು. "ಅಕ್ಕ ಯಾವ್ದೋ ಮದುವೆಗೆ ಹೋಗಿರ್ಬೇಕು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಎಷ್ಟು ಮದುವೆಗೆಂದು ಹೋಗಲು ಸಾಧ್ಯ?

ಆಮೇಲೆ ಬ್ಯಾಕೋಡಿನಿಂದ ಮಗಳ ಮನೆಗೆ ಬಂದಿದ್ದ ಹೆಂಗಸೊಬ್ಬರು ನಮ್ಮಲ್ಲಿಗೂ ಬಂದರು. ಕೂತರು, ಕಾಫಿ ಕುಡಿದರು, ಎಲೆ ಅಡಿಕೆಯ ಕವಳ ಹಾಕಿದರು, ಊರಿನ ಸುದ್ದಿಯೆಲ್ಲ ಹೇಳಿದರು. ನಮ್ಮ ಕಡೆ ನಿಜವಾದ ಸುದ್ದಿ ಕೂತಾಗ ಬರುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲ ಮೇಲೆ ನಿಂತಾಗ ಬರುತ್ತದೆ.

"ಅಲ್ದೇ... ನಿಮ್ಮಕ್ಕನ ಹತ್ರ ಎಂತಾರು ಮಾತಾಯ್ತಾ?"

"ಇಲ್ಲಪ್ಪ. ಯಾಕೆ?"

"ನಂಗೆ ಎಂತಕ್ಕೆ ಬೇಕು ಬಿಡಿ. ಅವ್ರು ಹೇಳ್ತಿದ್ರು, 'ತಂಗಿ ಈಗ ದೊಡ್ಡ ಮನುಷ್ಯಳಾಗಿದಾಳೆ, ನನ್ನ ಹೊತ್ತಿಗೆ ಸರಿಯಾಗಿ ರಿಸೀವರ್ ತೆಗೆದಿಡ್ತಾಳೆ' ಅಂತ. ನಾನು ಹೇಳ್ದೆ ಅನ್ಬೇಡಿ ಮತ್ತೆ."

ಅತ್ತೆ ಬಾಗಿಲ ಪಟ್ಟಿ ಹಿಡಿದು ನಿಂತುಬಿಟ್ಟರು.

ರಿಸೀವರ್ ತೆಗೆದಿಡುವುದರ ಹಿಂದೆ ಒಂದು ಕತೆಯಿದೆ. ಅಕ್ಕತಂಗಿಯರಿಗೆ ಅತ್ತಿಗೆಯಾಗಬೇಕಾದ ಒಬ್ಬರು ಸಾಗರದಲ್ಲಿದ್ದರು. ಮೇಲೆ ಹೇಳಿದೆನಲ್ಲ, ಗೇಟಿಲ್ಲದ ಬಾಯಿ, ಅದು ಅವರದೇ. ಅವರು ಫೋನು ಮಾಡಿದರೆ ಒಲೆಯ ಮೇಲಿನ ಅನ್ನ ತಳ ಹತ್ತುವುದು ಖಂಡಿತ. ಅವರು ಫೋನು ಮಾಡುವ ಹೊತ್ತಿಗೆ ಇಬ್ಬರೂ ತಂತಮ್ಮ ಮನೆಯಲ್ಲಿ ರಿಸೀವರನ್ನು ಮೆಲ್ಲಗೆ ಕೆಳಗಿಡುತ್ತಿದ್ದರು. ಆ ಕಡೆಯವರಿಗೆ ಎಂಗೇಜ್ ಸದ್ದು ಬರುತ್ತಿತ್ತು. ಮರುದಿನ ಮಾತಿಗೆ ಕೂತಾಗ, "ನೀನು ಇಟ್ಟಿದ್ಯಾ?" "ನಾನೂ ಇಟ್ಟಿದ್ದೆ" ಎಂದು ಚಿಕ್ಕ ಹುಡುಗಿಯರಂತೆ ನಗುತ್ತಿದ್ದರು. ಹೀಗಾಗಿ ದೊಡ್ಡತ್ತೆಗೆ ಗೊತ್ತಿದ್ದಂತೆ ಎಂಗೇಜ್ ಸದ್ದಿಗೆ ಪ್ರಪಂಚದಲ್ಲಿ ಒಂದೇ ಅರ್ಥ. ನನ್ನ ಇಂಟರ್ನೆಟ್ಟಿನಿಂದಾಗಿ ದಿನಾ ಅದೇ ಸದ್ದು ಬಂದರೆ, ತಾನೂ ಈಗ ಅತ್ತಿಗೆಯ ಸಾಲಿಗೆ ಸೇರಿದೆ ಎಂದು ತಿಳಿಯದೆ ಇನ್ನೇನು ತಿಳಿದಾರು?

"ಅತ್ತಿಗೆಗೆ ಮಾಡಿದ್ದನ್ನ ಅಕ್ಕಂಗೆ ಮಾಡ್ತೀನಾ ನಾನು?" ಎಂದರು ಅತ್ತೆ. ಮರುಕ್ಷಣವೇ ಕಣ್ಣು ಕೆಂಪಾಯಿತು. "ಹಂಗೆ ತಿಳ್ಕೊಂಡ್ಲಾ? ತಿಳ್ಕೊಳ್ಲಿ. ಇಷ್ಟು ವರ್ಷ ಮಾತಾಡಿ ನನ್ನ ಇಷ್ಟೇ ಅರ್ಥ ಮಾಡ್ಕೊಂಡಿದ್ರೆ ನಾನಾಗಿ ಮಾಡಲ್ಲ ಫೋನು."

ಮಾತು ಬಿಡುವುದು ನಮ್ಮಲ್ಲಿ ಜಗಳವಲ್ಲ, ಒಂದು ವ್ರತ. ಅದಕ್ಕೆ ನಿಯಮಗಳಿವೆ. ತಪ್ಪು ಹೊತ್ತವರು ಮೊದಲು ಬಾಯಿ ಬಿಡಬಾರದು, ಒಪ್ಪಿಕೊಂಡಂತಾಗುತ್ತದೆ. ತಪ್ಪು ಹೊರಿಸಿದವರೂ ಬಿಡಬಾರದು, ಸೋತಂತಾಗುತ್ತದೆ. ಆದರೆ ನಡುವೆ ಬೇರೆ ಏನಾದರೂ ಇದ್ದರೆ ಅದರ ಹತ್ತಿರ ಹೇಳಬಹುದು. ಮಾವ ಬದುಕಿದ್ದಾಗ ಅವರಿಗೂ ಅತ್ತೆಗೂ ಒಮ್ಮೆ ಮಾತು ನಿಂತಿತ್ತಂತೆ. ಅತ್ತೆ ನಾಯಿಗೆ ಹೇಳುತ್ತಿದ್ದರಂತೆ, "ಅಕ್ಕಿ ಮುಗ್ದಿದೆ ಅಂತ ಯಾರಿಗಾದ್ರೂ ಹೇಳಾ." ಮಾವ ಅದೇ ನಾಯಿಯ ತಲೆ ಸವರಿ, "ನಾಳೆ ತರ್ತಾರಂತೆ ಅಂತ ಹೇಳು." ನಾಯಿ ಬಾಲ ಅಲ್ಲಾಡಿಸಿ ಅಲ್ಲಾಡಿಸಿ ಸಂಸಾರ ಉಳಿಸಿತು. ಆದರೆ ಕಾರ್ಗಲ್ಲಿಗೂ ಬ್ಯಾಕೋಡಿಗೂ ನಡುವೆ ನಿಲ್ಲುವ ನಾಯಿ ಎಲ್ಲಿಂದ ತರುವುದು?

ನಾನೇ ಆಗುತ್ತೇನೆಂದು ಹೊರಟೆ. ಅತ್ತೆ ಹಿತ್ತಲಲ್ಲಿದ್ದಾಗ ದೊಡ್ಡತ್ತೆಗೆ ಫೋನು ಮಾಡಿದೆ.

"ದೊಡ್ಡತ್ತೆ, ಅತ್ತೆ ರಿಸೀವರ್ ತೆಗೆದಿಟ್ಟಿಲ್ಲ. ನನ್ನ ಕಂಪ್ಯೂಟರ್ ಫೋನನ್ನ ಹಿಡ್ಕೊಂಡಿರತ್ತೆ, ಅದಕ್ಕೆ ಎಂಗೇಜ್ ಬರತ್ತೆ."

"ಹಿಡ್ಕೊಳತ್ತಾ? ಎಂತದ್ರಲ್ಲಿ ಹಿಡ್ಕೊಳತ್ತೆ? ಅದಕ್ಕೆ ಕೈ ಇದ್ಯಾ?"

"ಹಾಗಲ್ಲ ದೊಡ್ಡತ್ತೆ, ಒಂದೇ ತಂತಿ..."

"ನೀನು ಒಳ್ಳೆ ಸೊಸೆ ಮಾರಾಯ್ತಿ. ಅತ್ತೆ ತಪ್ಪನ್ನ ಮಿಷನ್ ಮೇಲೆ ಹಾಕ್ತಿದೀಯ. ನಮ್ಮನೆ ಸೊಸೆ ಆಗಿದ್ರೆ ನನ್ನ ಮೇಲೇ ಹಾಕ್ತಿದ್ಲು. ಎಲ್ಲರೂ ಆರಾಮಿದೀರಲ್ಲ? ಇಡ್ತೀನಿ."

ಇಟ್ಟೇಬಿಟ್ಟರು.

ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಅತ್ತೆ ಈಗಲೂ ಅದೇ ಜಾಗದಲ್ಲಿ ಬಂದು ಕೂರುತ್ತಿದ್ದರು, ಕಾಲು ಚಾಚಿ. ಒಂದು ದಿನ ನಾನು ಒಳಗಿನಿಂದ ಕೇಳಿಸಿಕೊಂಡೆ. "ಇವತ್ತು ಹಲಸಿನ ಗುಜ್ಜೆ ಪಲ್ಯ," ಎಂದರು, ಮೆಲ್ಲಗೆ. ಅಲ್ಲಿ ಸ್ಟೂಲು ಬಿಟ್ಟರೆ ಇನ್ಯಾರೂ ಇರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗಲೇ ನಮ್ಮನೆಯವರಿಗೆ ಹೇಳಿದೆ: ಈ ಡಯಲ್ ಮಾಡುವ ಇಂಟರ್ನೆಟ್ ಇನ್ನು ಬೇಡ, ಫೋನೂ ಇರಬೇಕು ಇಂಟರ್ನೆಟ್ಟೂ ಇರಬೇಕು, ಅಂಥದ್ದು ತರೋಣ. ಪವರ್ ಹೌಸಿನಲ್ಲಿ ದೊಡ್ಡ ದೊಡ್ಡ ಯಂತ್ರ ತಿರುಗಿಸುವ ನಮ್ಮನೆಯವರು ಮನೆಯಲ್ಲಿ ತಿರುಗಿಸುತ್ತಿದ್ದುದು ಒಂದೇ ಮಾತು: "ನೋಡೋಣ." ಈ ಸಲ ಮಾತ್ರ ತಾಯಿಯ ಮುಖ ನೋಡಿ, ಮರುದಿನವೇ ವಿಚಾರಿಸಿಕೊಂಡು ಬಂದರು. ಮೂರು ದಾರಿ ಇದ್ದವು. ಮೊಬೈಲ್ ಸಿಗ್ನಲ್ ಹಿಡಿಯಲು ಕಂಪ್ಯೂಟರಿಗೆ ಚುಚ್ಚುವ ಕಡ್ಡಿ. ಟಿವಿ ಕೇಬಲ್ಲಿನವರ ಇಂಟರ್ನೆಟ್. ಫೋನಾಫೀಸಿನ ಬ್ರಾಡ್‌ಬ್ಯಾಂಡ್. "ಯಾವುದು ಅಂತ ಅಮ್ಮನೇ ಹೇಳ್ಲಿ," ಎಂದರು. ಅದು ಪ್ರೀತಿಯೋ ಜಾರಿಕೊಳ್ಳುವ ಉಪಾಯವೋ ನನಗಿನ್ನೂ ಗೊತ್ತಾಗಿಲ್ಲ.

ಅತ್ತೆ ಅಕ್ಕನ ಹೆಸರೆತ್ತಲಿಲ್ಲ. "ನಂಗೆ ಯಾರ ಫೋನೂ ಬೇಕಾಗಿಲ್ಲ. ಗಣಪತಿ ಅರ್ಧಕ್ಕೆ ನಿಲ್ಬಾರ್ದು, ಅಷ್ಟೇ," ಎಂದರು.

ಮೊದಲು ಕಡ್ಡಿ. ಸಾಗರದ ಮೊಬೈಲ್ ಅಂಗಡಿಯವರು ಬಳಸಿ ನೋಡಿ ಎಂದು ಕೊಟ್ಟು ಕಳಿಸಿದರು. ಒಳಕೋಣೆಯಲ್ಲಿ ಚುಚ್ಚಿದರೆ ಸಿಗ್ನಲ್ ಇಲ್ಲ. ಹೊರಗಿನ ಕೋಣೆಯಲ್ಲಿ ಬಂದು ಬಂದು ಹೋಗುತ್ತದೆ. ನಮ್ಮನೆಯವರು ಕಡ್ಡಿಗೆ ಉದ್ದ ವಯರು ಕಟ್ಟಿ ಅದನ್ನು ಆರತಿ ಎತ್ತಿದಂತೆ ಹಿಡಿದು ಮನೆಯೆಲ್ಲ ತಿರುಗಿದರು, ನಾನು ಪರದೆ ನೋಡುತ್ತ ಕೂಗುವುದು: "ಇಲ್ಲ... ಇಲ್ಲ... ಬಂತು! ಹೋಯ್ತು." ಕೊನೆಗೆ ಹಿತ್ತಲಿನ ಬಚ್ಚಲಮನೆಯ ಪಕ್ಕ, ಸೌದೆ ರಾಶಿಯ ಮೇಲೆ ಇಟ್ಟಾಗ ಕಡ್ಡಿಯ ಮೂಗಿನ ದೀಪ ಗಟ್ಟಿಯಾಗಿ ನಿಂತಿತು. ಕಂಪ್ಯೂಟರನ್ನೇ ಬಚ್ಚಲ ಹತ್ತಿರ ತಂದಿಡೋಣ, ಮೇಲೊಂದು ತಗಡು ಹಾಕಿದರಾಯಿತು ಎಂದು ಗಂಡಹೆಂಡತಿ ಮಾತಾಡಿಕೊಳ್ಳುತ್ತಿದ್ದಾಗ ಅತ್ತೆ ಸೊಂಟಕ್ಕೆ ಕೈ ಕೊಟ್ಟು ಬಂದು ನಿಂತರು.

"ಗಣಪತಿನ ಬಚ್ಚಲಿಗೆ ಕರೆಸ್ತೀರಾ?"

ಕಡ್ಡಿ ಸಾಗರಕ್ಕೆ ವಾಪಸ್ಸಾಯಿತು.

ಆಮೇಲೆ ಕೇಬಲ್ಲಿನವರು ಬಂದರು. ಮಾತು ಜೋರು, ಬೈಕೂ ಜೋರು. ಅತ್ತೆ ಅವರನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, ತಟ್ಟೆ ತುಂಬ ಹೊಸ ಹಲಸಿನ ಹಪ್ಪಳ ಕರಿದು ಮುಂದಿಟ್ಟು, ಯಾವ ಊರು, ಯಾರ ಪೈಕಿ, ಹೆಂಡತಿಯ ತವರು ಯಾವುದು ಎಂದೆಲ್ಲ ಕೇಳಿ ಮುಗಿಸಿದ ಮೇಲೆ ವಿಷಯಕ್ಕೆ ಬಂದರು.

"ನಿಮ್ಮ ವಯರು ಎಲ್ಲಿಂದ ಬರತ್ತೆ?"

"ಆ ಹಲಸಿನ ಮರದ ಮೇಲಿಂದ ಅಮ್ಮ."

"ಮಂಗ ಜೋತಾಡಿದ್ರೆ?"

"ಟಿವಿ ವಯರಲ್ಲೂ ಜೋತಾಡ್ತಾವಲ್ಲ, ಸೀರಿಯಲ್ ಬರಲ್ವಾ?"

ಅತ್ತೆಗೆ ಉತ್ತರ ಹಿಡಿಸಿತು. ಇದೇ ಆಗಬಹುದೆಂದು ನಾನೂ ಅಂದುಕೊಂಡೆ. ಅಷ್ಟರಲ್ಲಿ ಆತ ಹಪ್ಪಳ ಮುರಿಯುತ್ತ, ಉಪಕಾರ ಮಾಡುವವರ ದನಿಯಲ್ಲಿ ಹೇಳಿಬಿಟ್ಟರು: "ನಮ್ದು ಹಾಕಿಸ್ಕೊಂಡ್ಮೇಲೆ ಈ ಫೋನು ಯಾಕಮ್ಮ ಇನ್ನ? ಈಗೆಲ್ಲ ಮೊಬೈಲು. ಆ ಡಬ್ಬ ಕೀಳ್ಸಿ ಬಿಸಾಕಿ."

ಅತ್ತೆ ಬಾಗಿ ಹಪ್ಪಳದ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಆತನ ಕೈಯಲ್ಲಿ ಅರ್ಧ ಹಪ್ಪಳ ಉಳಿಯಿತು. ಅದನ್ನು ತಿನ್ನುವುದೋ ಇಡುವುದೋ ತಿಳಿಯದೆ, ಇಡಲು ತಟ್ಟೆಯೂ ಇಲ್ಲದೆ, ಹಿಡಿದುಕೊಂಡೇ ಬೈಕು ಹತ್ತಿದರು.

ಕೊನೆಗೆ ಫೋನಾಫೀಸಿನ ಲೈನ್‌ಮನ್. ನಮ್ಮ ಕಂಬ, ನಮ್ಮ ತಂತಿ, ನಮ್ಮ ಮನೆಯ ಊಟ ಮೂರೂ ಅವನಿಗೆ ಹಳೆಯ ಪರಿಚಯ. ಹಪ್ಪಳದ ತಟ್ಟೆ ಮತ್ತೆ ಹೊರಗೆ ಬಂತು. ತನ್ನ ಇಲಾಖೆಯ ವಸ್ತುವನ್ನು ಅವನಷ್ಟು ನಿರುತ್ಸಾಹದಿಂದ ಮಾರಿದವರನ್ನು ನಾನು ಕಂಡಿಲ್ಲ.

"ಬ್ರಾಡ್‌ಬ್ಯಾಂಡ್ ಕೊಡಬಹುದು. ಬರೋವಾಗ ಬರತ್ತೆ," ಎಂದ.

"ಗುಡುಗು ಬಂದ್ರೆ?" ಅತ್ತೆ ಕೇಳಿದರು.

"ಪಿನ್ನು ಕೀಳ್ಬೇಕು. ಕೀಳಲಿಲ್ಲ ಅಂದ್ರೆ ಮೋಡೆಮ್ ಸುಟ್ಟು ಹೋಗತ್ತೆ. ಸುಟ್ರೆ ನಾನು ಬರ್ಬೇಕು. ನಾನು ಬರೋದು ತಡ ಆಗತ್ತೆ."

"ಎಷ್ಟು ತಡ?"

"ಮಳೆ ನಿಂತ ಮೇಲೆ."

"ಮಳೆ ಯಾವಾಗ ನಿಲ್ಲತ್ತೆ?"

"ಅದು ನಮ್ಮ ಆಫೀಸಿಗೂ ಗೊತ್ತಿಲ್ಲಮ್ಮ."

ಅತ್ತೆ ನನ್ನ ಕಡೆ ತಿರುಗಿ ತಲೆಯಾಡಿಸಿದರು. ಬಂದವರಲ್ಲಿ ಇವನೊಬ್ಬನೇ ಸುಳ್ಳು ಹೇಳದವನು ಎಂದು ಅದರ ಅರ್ಥ. ಆದರೂ ಮುಖ್ಯ ಪರೀಕ್ಷೆ ಬಾಕಿಯಿತ್ತು.

"ಗಣಪತಿ ಬರ್ತಿರೋವಾಗ ಫೋನ್ ಎತ್ತಿದ್ರೆ?"

ಅವನು ನನ್ನ ಮುಖ ನೋಡಿದ. ನಾನು ವಿವರಿಸಿದೆ.

"ಓ, ಅದಾ? ಎರಡೂ ಹೋಗತ್ತೆ. ಒಂದೇ ತಂತಿ, ಆದ್ರೆ ಒಂದಕ್ಕೊಂದು ತಾಗಲ್ಲ. ಈಗ ನೋಡಿ, ನಮ್ಮ ಲಾಂಚು. ಬಸ್ಸೂ ಹೋಗತ್ತೆ, ಜನಾನೂ ಹೋಗ್ತಾರೆ. ಲಾಂಚು ಒಂದೇ."

"ಬಸ್ಸು ಹತ್ತೋವಾಗ ಜನ ಎಲ್ಲ ಇಳಿದು ನಿಲ್ಬೇಕಲ್ಲ?"

ಲೈನ್‌ಮನ್ ಹಪ್ಪಳ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದ. "ಇದ್ರಲ್ಲಿ ಇಳಿಯೋದು ಬೇಡಮ್ಮ," ಎಂದ.

ಹೀಗೆ ಆಯ್ಕೆ ಮುಗಿಯಿತು. ಮೋಡೆಮ್ ಬಂದಿಲ್ಲ, ಬಂದಿದೆ ಆದರೆ ಸಾಗರದಲ್ಲಿದೆ, ಸಾಗರದಿಂದ ಹೊರಟಿದೆ ಎಂದೆಲ್ಲ ಆಗಿ, ಮದುವೆಗಳ ಕಾಲ ಮುಗಿಯುತ್ತ ಬಂದಾಗ ಒಂದು ದಿನ ಊಟದ ಹೊತ್ತಿಗೆ ಸರಿಯಾಗಿ ಅವನು ಡಬ್ಬ ಹಿಡಿದು ಬಂದ. ಊಟ ಆಯಿತು. ತಂತಿ ಬಿಚ್ಚಿ ಕಟ್ಟಿ, ಸಣ್ಣ ಬಿಳಿ ಡಬ್ಬಿಯೊಂದನ್ನು ಗೋಡೆಗೆ ಕೂರಿಸಿ, ಒಂದು ವಯರನ್ನು ಒಳಕೋಣೆಗೆ, ಇನ್ನೊಂದನ್ನು ಹೊರಗಿನ ಫೋನಿಗೆ ಕೊಟ್ಟ. ಮೋಡೆಮ್ಮಿನ ದೀಪಗಳು ಹತ್ತಿದವು. ಕೊಕ್ಕರೆ ಕೀರಲಿಲ್ಲ. ನೆರೆಮನೆಯ ನಾಯಿ ಎದ್ದು ಕೂತು ಕಾದು, ಏನೂ ಕೇಳದೆ ಹಾಗೆಯೇ ಮಲಗಿತು.

"ನೀವು ಅಲ್ಲಿ ಇಂಟರ್ನೆಟ್ ಓಡಿಸ್ತಾ ಇರಿ," ಎಂದು ನನಗೆ ಹೇಳಿ, ಅವನು ಹೊರಗೆ ಬಂದು ರಿಸೀವರ್ ಎತ್ತಿದ. "ಅಮ್ಮಾ, ಒಂದು ನಂಬರ್ ಹೇಳಿ. ಹೊರಗಡೆ ಕರೆ ಹೋಗತ್ತಾ ನೋಡೋಣ."

ಅತ್ತೆ ಎಲೆ ಅಡಿಕೆಯ ತಟ್ಟೆಯ ಮುಂದೆ ಕೂತಿದ್ದರು. ಎಲೆಯ ತೊಟ್ಟು ಮುರಿಯುತ್ತ, ತಲೆ ಎತ್ತದೆ, ಅಂಗಡಿಯಲ್ಲಿ ಉಪ್ಪು ಕೇಳಿದಷ್ಟೇ ಸಲೀಸಾಗಿ ಒಂದು ನಂಬರು ಹೇಳಿದರು. ನಾನು ಬಾಗಿಲಿಗೆ ಬಂದು ನಿಂತೆ. ನನಗೆ ಆ ನಂಬರು ಗೊತ್ತಿತ್ತು.

"ಹಲೋ, ಲೈನ್ ಟೆಸ್ಟಿಂಗ್," ಎಂದ ಲೈನ್‌ಮನ್.

"ಯಾರ ಲೈನು?" ದೊಡ್ಡತ್ತೆಯ ದನಿ ನೀರು ದಾಟಿ, ರಿಸೀವರ್ ದಾಟಿ ಕೋಣೆ ತುಂಬಿತು. ನಮ್ಮ ಮನೆಯಲ್ಲಿ ಅವನೂ ಎಷ್ಟೋ ಸಲ ಕೇಳಿದ್ದ ದನಿ ಅದು; ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದ.

"ಕಾರ್ಗಲ್ಲಿಂದ ಅಮ್ಮ. ನಿಮ್ಮ ತಂಗಿ ಮನೆಯಿಂದ."

"ನಂಗೆ ತಂಗಿ ಇದಾಳೆ ಅಂತ ನಿಂಗೆ ಯಾರು ಹೇಳಿದ್ದು?"

ಅವನು ಅತ್ತೆಯ ಮುಖ ನೋಡಿದ. ಅತ್ತೆ ಫ್ಯಾನಿನ ಮುಖ ನೋಡಿದರು.

"ಅವ್ರೇ ನಂಬರ್ ಕೊಟ್ರು."

"ನಾನೇನು ಕೊಡ್ಲಿಲ್ಲ," ಎಂದರು ಅತ್ತೆ, ಫ್ಯಾನಿಗೆ. "ನೀನು ಕೇಳ್ದೆ, ಬಾಯಿಗೆ ಬಂದ ನಂಬರ್ ಹೇಳ್ದೆ. ಹಂಗಂತ ಹೇಳು."

"ಬಾಯಿಗೆ ಬಂದ ನಂಬರ್ ಅಂತೆ ಅಮ್ಮ."

"ಅವ್ಳ ಬಾಯಿಗೆ ಬೇರೆ ನಂಬರ್ ಬರಲ್ವಾ ಕೇಳು. ಇವತ್ತು ರಿಸೀವರ್ ಅದ್ರ ಜಾಗದಲ್ಲೇ ಇತ್ತಂತಾ ಕೇಳು."

ಅತ್ತೆ ಎಲೆ ಕೆಳಗಿಟ್ಟರು. "ರಿಸೀವರ್ ತೆಗೆದಿಡೋದನ್ನ ಮೊದ್ಲು ಕಲ್ಸಿದ್ದು ಯಾರು ಅಂತ ಕೇಳು! ಅತ್ತಿಗೆ ಫೋನ್ ಬರೋ ಹೊತ್ತಿಗೆ ಏನೂ ಗೊತ್ತಿಲ್ದೋಳ ಹಂಗೆ ಇದ್ದಿದ್ದು ಯಾರು, 'ನೀನೂ ಹಿಂಗೆ ಮಾಡೇ' ಅಂದಿದ್ದು ಯಾರು ಅಂತ ಕೇಳು!"

"ಒಬ್ಬೊಬ್ಬರೇ, ಒಬ್ಬೊಬ್ಬರೇ," ಎಂದ ಲೈನ್‌ಮನ್. ಪಾಪ, ಕಂಬ ಹತ್ತುವಾಗಲೂ ಅವನಿಗೆ ಅಷ್ಟು ಬೆವರು ಬಂದದ್ದು ನಾನು ಕಂಡಿಲ್ಲ. ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಾಗಿತ್ತು: ನಮಗೆ ನಾಯಿ ಸಿಕ್ಕಿತ್ತು.

"ದೊಡ್ಡತ್ತೆಗೆ ಹೇಳಿ," ನಾನು ಬಾಗಿಲಿಂದಲೇ ಕೂಗಿದೆ, "ನಾನು ಈಗ ಇಂಟರ್ನೆಟ್ಟಲ್ಲಿ ಇದ್ದೀನಿ, ಆದ್ರೂ ಫೋನ್ ಹೋಗ್ತಿದೆ ಅಂತ. ಮೊದ್ಲು ಹಿಂಗೆ ಆಗ್ತಿರ್ಲಿಲ್ಲ ಅಂತ ನೀವೇ ಹೇಳಿ."

"ಹೌದಮ್ಮ," ಎಂದ ಅವನು ರಿಸೀವರಿಗೆ. "ಮೊದ್ಲು ಇವ್ರು ಇಂಟರ್ನೆಟ್ ಹಾಕಿದ್ರೆ ಫೋನ್ ಮಾಡಿದವ್ರಿಗೆಲ್ಲ ಎಂಗೇಜೇ ಬರ್ತಿತ್ತು. ರಿಸೀವರ್ ಇಟ್ಟಿದ್ರೂ ಎಂಗೇಜೇ. ಅದು ಹಂಗೇ. ಈಗ ಸರಿ ಮಾಡಿದೀವಿ."

ಸೊಸೆ ಹೇಳಿದರೆ ಅದು ಅತ್ತೆಯ ಪರ. ಆದರೆ ಫೋನಾಫೀಸಿನವನೇ ಹೇಳಿದ ಮೇಲೆ?

"ನೀನು ಫೋನಾಫೀಸಿನವ್ನೇ ಹೌದಾ?"

"ಹೌದಮ್ಮ."

"ರಿಸೀವರ್ ಇಟ್ಟಿದ್ರೂನಾ?"

"ಇಟ್ಟಿದ್ರೂ ಅಮ್ಮ."

ಅತ್ತೆ ಮತ್ತೆ ಎತ್ತಿಕೊಂಡು ಸುಣ್ಣ ಹಚ್ಚಿದ ಎಲೆ ಕೈಯಲ್ಲೇ ನಿಂತಿತ್ತು. ನನ್ನ ಬೆನ್ನ ಹಿಂದೆ, ಒಳಕೋಣೆಯಲ್ಲಿ, ಪರೀಕ್ಷೆಗೆಂದು ನಾನು ಒತ್ತಿ ಬಂದಿದ್ದ ಚಿತ್ರ ಬಂದು ಮುಗಿದಿತ್ತು. ಕಿರೀಟದಿಂದ ಹಿಡಿದು ಇಲಿಯ ಬಾಲದವರೆಗೆ. ನೋಡುವವರು ಯಾರೂ ಇರಲಿಲ್ಲ.

ಆಮೇಲೆ ದೊಡ್ಡತ್ತೆಯ ದನಿ ಬಂತು. ಹಿಂದೆಂದೂ ಕೇಳದಷ್ಟು ಸಣ್ಣ ದನಿ. ಲೈನ್‌ಮನ್ ರಿಸೀವರನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು. ಕೇಳಿಸಿಕೊಂಡು ಅತ್ತೆಯ ಕಡೆ ತಿರುಗಿದ.

"ಎಂತ ಪದಾರ್ಥ ಮಾಡಿದೀರಿ ಇವತ್ತು ಅಂತ ಕೇಳ್ತಿದಾರೆ."

"ಸೌತೆಕಾಯಿ..." ಎಂದರು ಅತ್ತೆ. ಎದ್ದು ಬಂದು ಅವನ ಕೈಯಿಂದ ರಿಸೀವರ್ ಕಿತ್ತುಕೊಂಡರು. "ಸೌತೆಕಾಯಿ ಹುಳಿ ಕಣೆ ಅಕ್ಕ, ಹಲಸಿನ ಬೀಜ ಹಾಕಿ! ಈ ಫೋನಾಫೀಸಿನವ್ನು ಎರಡು ಸಲ ಹಾಕಿಸ್ಕೊಂಡ. ನೀನೆಂತ ಮಾಡಿದ್ಯೆ? ಎಂತದು? ಜೋರಾಗಿ ಹೇಳೆ, ಯಾಕೆ ಮೂಗು ಕಟ್ಟಿದ್ಯಾ?"

ಕಾಲು ಚಾಚಿ ಕೂತರು. ಕೂತ ಭಂಗಿ ನೋಡಿಯೇ ನಾನು ಲೈನ್‌ಮನ್ನಿಗೆ ಚಾಪೆ ತೋರಿಸಿದೆ. ಕೆಲಸ ಮುಗಿಯಿತೆಂದು ಅವನು ಇದೇ ಫೋನಿನಿಂದ ಎಕ್ಸ್‌ಚೇಂಜಿಗೆ ಹೇಳಬೇಕಿತ್ತಂತೆ. "ಅಮ್ಮಾ, ಒಂದು ನಿಮಿಷ," ಎಂದು ಕೇಳಿದ. ಅತ್ತೆ ಕೈಸನ್ನೆಯಲ್ಲಿ ನೊಣ ಓಡಿಸಿದಂತೆ ಓಡಿಸಿದರು. ಅವರು ಆಗಲೇ ಕೆರೆದಂಡೆಯ ನೇರಳೆ ಮರದ ಬುಡ ತಲುಪಿದ್ದರು. ಅವನು ಚಾಪೆಯ ಮೇಲೆ ಕೂತ, ಕವಳ ಹಾಕಿದ, ಕಾಫಿ ಕುಡಿದ, ನನ್ನ ಗಣಪತಿಯನ್ನು ನೋಡಿ ಬಂದು ಕೈ ಮುಗಿದ, ಗೋಡೆಗೆ ಒರಗಿ ತೂಕಡಿಸಿದ.

ಬಿಸಿಲು ಇಳಿಯುವ ಹೊತ್ತಿಗೆ ಅಂಗಳದಲ್ಲಿ ಮೊಪೆಡ್ ನಿಂತ ಸದ್ದಾಯಿತು. ಎಕ್ಸ್‌ಚೇಂಜಿನಿಂದ ಇನ್ನೊಬ್ಬ ಬಂದಿದ್ದ, ಕೈಯಲ್ಲಿ ಇಕ್ಕಳ ಹಿಡಿದು.

"ಎಷ್ಟು ಹೊತ್ತಿಂದ ಮಾಡ್ತಿದೀನಿ ಮಾರಾಯ! ಬರೀ ಎಂಗೇಜು. ಹೊಸ ಬ್ರಾಡ್‌ಬ್ಯಾಂಡ್ ಹಾಕಿ ಲೈನ್ ಕೆಡಿಸಿಟ್ಯಾ ಅಂತ ನೋಡೋಕೆ ಬಂದೆ."

ನಮ್ಮ ಲೈನ್‌ಮನ್ ಕಣ್ಣುಜ್ಜಿಕೊಂಡು, ಫೋನಿನ ಪಕ್ಕ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ ಅತ್ತೆಯನ್ನು ತೋರಿಸಿದ.

"ಕೆಟ್ಟಿಲ್ಲ ಮಾರಾಯ," ಎಂದ. "ಸರಿಯಾಗಿದೆ. ಅದಕ್ಕೇ ಎಂಗೇಜು."

"ಶ್! ಮೆಲ್ಲಗೆ ಮಾತಾಡ್ರೋ," ಎಂದು ಅತ್ತೆ ಅವರಿಬ್ಬರಿಗೂ ಗದರಿದರು. "ಅಕ್ಕ ಹೇಳೋದು ಕೇಳ್ತಿಲ್ಲ."